ಹೊಸ ಪೇಂಟ್ ಹೊಡೆದ ಹಳೆ ಪ್ಲೇನರ್ ತೆಗೆದುಕೊಳ್ಳುವ ಮೊದಲು

ಪೆರ್ಲದ ಭಾವ ಮೊನ್ನೆ ಫೋನ್ ಮಾಡಿದ್ದರು. "ಒಂದು ಸೆಕೆಂಡ್ ಹ್ಯಾಂಡ್ ಪ್ಲೇನರ್ ಉಂಟಂತೆ ಭಾವ. ಸ್ವಲ್ಪ ರಿಪೇರಿ ಉಂಟಂತೆ, ಅದಕ್ಕೇ ಕಮ್ಮಿಗೆ ಕೊಡ್ತಾರಂತೆ. ತೆಗೊಳ್ಳುವುದಾ?" ಪ್ಲೇನರ್ ಅಂದರೆ ಮರದ ಹಲಗೆಯನ್ನು ಹೆರೆದು ಸಮ ಮಾಡುವ ಮೆಷಿನ್. ಎರಡು ವರ್ಷದ ಹಿಂದೆ ನನಗೂ ಒಬ್ಬರು ಇದೇ ಮಾತು ಹೇಳಿ ಒಂದನ್ನು ಮಾರಿದ್ದರು. ಭಾವನಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತಿದ್ದೇನೆ. ನಮ್ಮ ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆ ಸಣ್ಣ ಶೆಡ್ ಹಾಕಿಕೊಂಡು ಮರದ ಕೆಲಸ ಮಾಡುವವರು ಬಹಳ ಮಂದಿ ಇದ್ದಾರೆ, ಯಾರಿಗಾದರೂ ಉಪಯೋಗವಾದೀತು.

ಉಪ್ಪಳದ ಹತ್ತಿರ ಒಬ್ಬರು ಫರ್ನಿಚರ್ ಕೆಲಸ ನಿಲ್ಲಿಸಿದ್ದರು. 12 ಇಂಚಿನ ಪ್ಲೇನರ್, ಬೀಡಿನ (ಎರಕದ ಕಬ್ಬಿಣದ) ಟೇಬಲ್, ಮೈಮೇಲೆಲ್ಲ ಹೊಸ ಹಸಿರು ಪೇಂಟ್. "ಆಚಾರ್ರೇ, ಮೋಟರಿನ ವೈಂಡಿಂಗ್ ಒಂದು ಹೋಗಿದೆ, ಬೇರೆ ಎಲ್ಲ ಪಕ್ಕಾ" ಅಂದರು. ಕೈಯಲ್ಲಿ ತಿರುಗಿಸಿ ನೋಡಿದೆ, ಬ್ಲೇಡ್ ಕೂರಿಸಿದ ಉರುಳೆ, ಅಂದರೆ ಬ್ಲಾಕ್, ಸಲೀಸಾಗಿ ತಿರುಗಿತು. 38,000ಕ್ಕೆ ಮಾತು ಮುಗಿಸಿ, ಪಿಕಪ್ಪಿಗೆ 2,500 ಕೊಟ್ಟು ಮನೆಗೆ ತಂದೆ. ಓಡಿಸಿ ನೋಡದ ಮೆಷಿನಿಗೆ ಪೂರ್ತಿ ದುಡ್ಡು ಕೊಟ್ಟದ್ದು ನನ್ನ ಮೊದಲ ತಪ್ಪು. ವೈಂಡಿಂಗ್ ಹೋಗಿದೆ ಎಂದಾಗ ಸ್ವಿಚ್ ಹಾಕಿ ನೋಡುವ ಪ್ರಶ್ನೆಯೇ ಬರುವುದಿಲ್ಲ. ಅದರೊಳಗಿನ ಬೇರೆ ಎಲ್ಲ ರೋಗ ಆ ಒಂದು ಮಾತಿನ ಹಿಂದೆ ಅಡಗಿರುತ್ತದೆ.

6,000 ಕೊಟ್ಟು ವೈಂಡಿಂಗ್ ಮಾಡಿಸಿ ಓಡಿಸಿದೆ. ಹತ್ತು ನಿಮಿಷಕ್ಕೆ ಒಂದು ಬದಿಯ ಬೇರಿಂಗ್ ಮನೆ ಕೈ ಇಡಲಾರದಷ್ಟು ಬಿಸಿ. ಬೇರಿಂಗ್ ಹೋಗಿರಬಹುದು, ಅದೇನು ದೊಡ್ಡ ಖರ್ಚಲ್ಲ ಎಂದುಕೊಂಡು ಬಿಚ್ಚಿದೆ. ಬೇರಿಂಗ್ 6206. ಅದರ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ, ಅಂದರೆ 30 ಮಿಲ್ಲಿಮೀಟರ್. ಹೊಸ ಬೇರಿಂಗನ್ನು ಬ್ಲಾಕಿನ ಶಾಫ್ಟಿಗೆ ಬಡಿದೋ ಒತ್ತಿಯೋ ಕೂರಿಸಬೇಕು. ನನ್ನದು ಎರಡು ಬೆರಳಲ್ಲಿ ಹಿಡಿದು ದೂಡಿದರೆ ಬಳೆಯ ಹಾಗೆ ಒಳಗೆ ಹೋಯಿತು. ಒರೆಸಿ ಬೆಳಕಿಗೆ ಹಿಡಿದೆ. ಶಾಫ್ಟಿನ ಸುತ್ತ ಸಾಲಾಗಿ ಚುಕ್ಕಿಗಳು. ತೇದುಹೋದ ಶಾಫ್ಟಿಗೆ ಪಂಚ್ ಹೊಡೆದು ಗುಳಿ ಬೀಳಿಸಿ ಅಂಚು ಎಬ್ಬಿಸಿ, ಅದರ ಮೇಲೆ ಬೇರಿಂಗ್ ಕಚ್ಚಿಸಿದ್ದರು. ವರ್ನಿಯರ್ ಹಿಡಿದು ಅಳೆದರೆ 30 ಇರಬೇಕಾದಲ್ಲಿ 29.7.

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಹಾಕಿದ ದುಡ್ಡು ಬಿಡಲಿಕ್ಕೆ ಮನಸ್ಸು ಬರುವುದಿಲ್ಲ, ಅದೇ ನಮ್ಮನ್ನು ಇನ್ನಷ್ಟು ಮುಳುಗಿಸುವುದು. ಲೇತ್ ಅಂಗಡಿಯಲ್ಲಿ ಶಾಫ್ಟಿಗೆ ವೆಲ್ಡ್ ತುಂಬಿಸಿ ಅಳತೆಗೆ ಕಡೆಯಲು 4,500, ಬೇರಿಂಗ್ ಮತ್ತು ಬೆಲ್ಟಿಗೆ 1,600, ಹೊಸ ಬ್ಲೇಡಿಗೆ 2,400. ವೆಲ್ಡಿನ ಬಿಸಿಗೆ ಶಾಫ್ಟ್ ಒಂದಿಷ್ಟು ಬಾಗಿರಬೇಕು, ನಡುಕ ಕಡಿಮೆಯಾಯಿತೇ ಹೊರತು ಹೋಗಲಿಲ್ಲ.

ಆಗ ಕೈಯಲ್ಲಿ ಒಂದು ಮನೆಯ ಬಾಗಿಲಿನ ಕೆಲಸ ಇತ್ತು, ಹಲಸಿನ ಹಲಗೆ. ಎರಡು ಹಲಗೆಯ ಅಂಚು ಹೊಡೆದು ಜೋಡಿಸಿದರೆ ಸಂದಿಯಲ್ಲಿ ಬೆಳಕು. ಎಷ್ಟು ಸಲ ಸೆಟ್ ಮಾಡಿದರೂ ಅಷ್ಟೇ. ಸಂಶಯ ಬಂದು ಟೇಬಲಿನ ಅಡಿಗೆ ಟಾರ್ಚ್ ಹಿಡಿದು ಚಾಕುವಿನಲ್ಲಿ ಪೇಂಟ್ ಕೆರೆದೆ. ಹಸಿರಿನ ಒಳಗಿಂದ ಗೇಣುದ್ದದ ಹಳದಿ ಗೆರೆ ಎದ್ದು ಬಂತು. ಹಿತ್ತಾಳೆ. ಬೀಡು ಒಡೆದದ್ದನ್ನು ಹಿತ್ತಾಳೆ ಬೆಸುಗೆ ಹಾಕಿ ಮುಚ್ಚಿದ್ದರು. ಆ ಬಿಸಿಗೆ ಟೇಬಲ್ ತಿರುಚಿಕೊಂಡಿತ್ತು. ಹೊಸ ಪೇಂಟ್ ಯಾಕೆ ಅಂತ ಆವತ್ತು ಅರ್ಥವಾಯಿತು.

ದುಡ್ಡಿನ ಕಥೆ ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೂ ಇರಲಿಲ್ಲವೇನೋ. ಮುಂದಿನ ವಾರ ನಡುಕಕ್ಕೆ ಬ್ಲೇಡಿನ ಬೋಲ್ಟ್ ಸಡಿಲವಾಗಿ, ಬ್ಲೇಡ್ ಮೇಲೆದ್ದು ಟೇಬಲಿನ ತುಟಿಗೆ ಹೊಡೆಯಿತು. ಪಟಾಕಿಯ ಹಾಗೆ ಒಂದೇ ಶಬ್ದ. ಒಡೆದ ತುಂಡು ಗೋಡೆಗೆ ಒರಗಿಸಿದ್ದ ಹಲಗೆಗೆ ಅರ್ಧ ಇಂಚು ಕಂತಿತ್ತು. ನೆಲದಿಂದ ಅಳೆದೆ, ನನ್ನ ಎದೆಯ ಎತ್ತರ. ಇಂಥ ಬ್ಲಾಕ್ ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ತಿರುಗುತ್ತದೆ. ಕೆಲಸ ಕಲಿಯಲು ಬರುವ ಹುಡುಗನನ್ನು ಆಮೇಲೆ ಒಂದು ದಿನವೂ ಅದರ ಹತ್ತಿರ ನಿಲ್ಲಿಸಲಿಲ್ಲ. ಮೋಟರ್ ಇಟ್ಟುಕೊಂಡು ಉಳಿದದ್ದನ್ನು 9,500ಕ್ಕೆ ಗುಜರಿಗೆ ಹಾಕಿದೆ. ಅಷ್ಟರೊಳಗೆ ಒಟ್ಟು 55,000 ಹೋಗಿತ್ತು.

ಹಳೆ ಮೆಷಿನ್ ತೆಗೆದುಕೊಳ್ಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಮೋಟರ್, ಬೇರಿಂಗ್, ಬೆಲ್ಟ್, ಬ್ಲೇಡ್, ಸ್ವಿಚ್ ಎಲ್ಲ ಅಂಗಡಿಯಲ್ಲಿ ಸಿಗುತ್ತದೆ, ಕಾಸರಗೋಡಿನಲ್ಲಿ ಇಲ್ಲದಿದ್ದರೆ ಮಂಗಳೂರಿನಲ್ಲಿ. ಅದರ ಖರ್ಚು ಮೊದಲೇ ಕೇಳಿ ಬೆಲೆಯಲ್ಲಿ ಕಳೆಯಬಹುದು. ನಮ್ಮ ಮಳೆಗೆ ಟೇಬಲ್ ಮೇಲೆ ಹಿಡಿದ ತೆಳು ತುಕ್ಕೂ ಉಜ್ಜಿದರೆ ಹೋಗುತ್ತದೆ. ಆದರೆ ಟೇಬಲ್ ಒಡೆದಿದ್ದರೆ, ಬ್ಲಾಕಿನ ಶಾಫ್ಟ್ ತೇದಿದ್ದರೆ, ಬ್ಲೇಡ್ ಹಿಡಿಯುವ ಬೋಲ್ಟಿನ ಥ್ರೆಡ್ ಸವೆದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಮೋಟರ್ ಕೆಟ್ಟಿದ್ದರೆ ಬೇರೆ ಮೋಟರ್ ಕಟ್ಟಿ ಓಡಿಸಿ ತೋರಿಸಲು ಹೇಳಿ. ಅರ್ಧ ಗಂಟೆ ಓಡಲಿ, ಬೇರಿಂಗ್ ಮೇಲೆ ಕೈ ಇಟ್ಟು ನೋಡಿ. ನಿಲ್ಲಿಸಿದ ಮೇಲೆ, ಪ್ಲಗ್ ಕಿತ್ತು, ಬ್ಲಾಕನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಒಂದು ಚೂರು 'ಟಕ್' ಅಂದರೂ ಬಿಚ್ಚಿ ತೋರಿಸದೆ ಮುಂಗಡ ಕೊಡಬೇಡಿ.

ಭಾನುವಾರ ಭಾವನ ಜೊತೆ ನಾನೂ ಹೋಗುತ್ತಿದ್ದೇನೆ. ಎರಡು ಅಡಿಯ ಸ್ಟೀಲ್ ಸ್ಕೇಲ್, ಸಂದಿ ಅಳೆಯುವ ಫೀಲರ್ ಗೇಜ್, ವರ್ನಿಯರ್, ಟಾರ್ಚ್, ಪೇಂಟ್ ಕೆರೆಯಲು ಚಾಕು ಎಲ್ಲ ಚೀಲಕ್ಕೆ ಹಾಕಿಟ್ಟಿದ್ದೇನೆ. ದುಡ್ಡು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ ಅಂತ ಭಾವನಿಗೆ ಹೇಳಿದ್ದೇನೆ.