ಆನೆಯ ಹಿಂಗಾಲು

ನನ್ನ ಮೊಮ್ಮಗಳು ಈ ಸಲ ನಾಟಕದಲ್ಲಿ ಆನೆಯ ಹಿಂಗಾಲಾಗಿದ್ದಳು. ಮಾತಿಲ್ಲ, ಮುಖವೂ ಕಾಣುವುದಿಲ್ಲ. ಆದರೂ ಮೈಸೂರಿನ ನಾಟಕ ಸಂಸ್ಥೆ ರಂಗಾಯಣ ಮಕ್ಕಳಿಗಾಗಿ ನಡೆಸುವ ಬೇಸಿಗೆ ಶಿಬಿರ ‘ಚಿನ್ನರ ಮೇಳ’ಕ್ಕೆ ಹತ್ತಕ್ಕೆ ಹತ್ತು ಅಂಕ ಕೊಡುತ್ತೇನೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು, ಅಂಕ ಕೊಡದೆ ಮಾತು ಮುಗಿಸಿ ಅಭ್ಯಾಸವಿಲ್ಲ.

ಹೋದ ವರ್ಷ ಬೇರೊಂದು ಬೇಸಿಗೆ ಶಿಬಿರಕ್ಕೆ ಕಳಿಸಿದ್ದೆವು. ಹತ್ತು ದಿನಕ್ಕೆ ಎಂಟು ಸಾವಿರ ರೂಪಾಯಿ. ತಣ್ಣನೆಯ ಕೋಣೆಯಲ್ಲಿ ಕುಳಿತು, ಯಾರೋ ಬರೆದಿಟ್ಟ ಚಿಟ್ಟೆಗೆ ಬಣ್ಣ ತುಂಬಿ ಬಂದಳು. ಕೊನೆಗೆ ಒಂದು ಟೀ ಶರ್ಟು, ಹೆಸರು ತಪ್ಪಾಗಿದ್ದ ಪ್ರಮಾಣಪತ್ರ.

ಚಿನ್ನರ ಮೇಳ ನಡೆಯುವುದು ಬೇಸಿಗೆ ರಜೆಯಲ್ಲಿ, ಕಲಾಮಂದಿರದ ಆವರಣದಲ್ಲಿ. ಹತ್ತು ದಿನದ ಆಟವಲ್ಲ. ಕಲಿತದ್ದೆಲ್ಲ ಕೊನೆಗೆ ನಾಟಕವಾಗಿ ರಂಗವೇರಬೇಕು. 1989ರಲ್ಲಿ ರಂಗಾಯಣವನ್ನು ಕಟ್ಟಿದ ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಗುಬ್ಬಿ ನಾಟಕ ಕಂಪನಿ ಸೇರಿದವರು. ಬಿದಿರು, ತಗಡು, ಕಲ್ಲು, ಕೈಗೆ ಸಿಕ್ಕಿದ್ದರಿಂದ ನಾದ ತೆಗೆಯುತ್ತಿದ್ದವರು. ಅವರ ಪತ್ನಿ ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ನಾಟಕ ಕೇಂದ್ರವನ್ನು ಕಟ್ಟಿದರು. ಮಕ್ಕಳ ನಾಟಕವನ್ನು ಅಭ್ಯಾಸಪಂದ್ಯವೆಂದು ನೋಡದ ಮನೆತನ ಅದು. ಇನ್ನು ‘ಮೇಳ’ ಎಂಬ ಹೆಸರು ಕೇಳಿ ಜಾತ್ರೆಯನ್ನಷ್ಟೇ ನೆನೆಯಬೇಡಿ. ಯಕ್ಷಗಾನದ ತಂಡಕ್ಕೂ ನಮ್ಮ ಕಡೆ ಮೇಳವೆಂದೇ ಹೇಳುತ್ತೇವೆ. ಅಲ್ಲಿ ವೇಷ ಕಟ್ಟಿದವನಷ್ಟೇ ಚೆಂಡೆ ಬಡಿಯುವವನೂ ಮುಖ್ಯ.

ಮೊದಲ ವಾರ ಮೊಮ್ಮಗಳಿಗೆ ಬೇಸರವಾಗಿತ್ತು. ರಾಣಿಯ ಪಾತ್ರ ಬೇಕಿತ್ತು. ಎರಡನೆಯ ವಾರದ ಹೊತ್ತಿಗೆ ಅಡುಗೆಮನೆಯಿಂದ ಹಜಾರಕ್ಕೆ ಬರುವಾಗಲೂ ಆನೆಯ ನಡಿಗೆ. ದಸರಾ ಆನೆಗಳ ತಾಲೀಮನ್ನು ರಸ್ತೆಬದಿಯಲ್ಲಿ ನಿಂತು ನೋಡಿ ಬೆಳೆದ ಮಗು. ಹಿಂಗಾಲು ಎಷ್ಟು ತಡವಾಗಿ ಏಳುತ್ತದೆ ಎಂದು ನನಗೇ ಪಾಠ ಹೇಳಿದಳು. ನಾವು ಅಜ್ಜಂದಿರು ಮರದಡಿ ಕುಳಿತು ಕಾಯುವಾಗ ಒಳಗಿನಿಂದ ಹಾಡು ಕೇಳಿಸುತ್ತಿತ್ತು. ಬಿಸಿಲು ಮಾತ್ರ ಜೋರು. ನೀರಿನ ಬಾಟಲಿ ಮರೆಯಬೇಡಿ, ಅರ್ಜಿಯ ವಿಷಯವನ್ನು ಮಾರ್ಚ್ ತಿಂಗಳಲ್ಲೇ ವಿಚಾರಿಸಿಡಿ.

ಪ್ರದರ್ಶನದ ಸಂಜೆ ಮುಂಗಾಲಿನ ಹುಡುಗ ದಾರಿ ತಪ್ಪಿ ಎಡಕ್ಕೆ ತಿರುಗಿದ. ಆನೆ ನಡುವಿನಲ್ಲಿ ಜಗ್ಗಿತು, ಹೊಲಿಗೆ ಬಿಟ್ಟಿತು, ಜನ ನಕ್ಕರು. ಅಷ್ಟರಲ್ಲಿ ಬಟ್ಟೆಯೊಳಗಿಂದ “ಬಲಕ್ಕೆ ಕಣೋ!” ಎಂಬ ಗದರಿಕೆ ಕೊನೆಯ ಸಾಲಿನಲ್ಲಿದ್ದ ನನಗೂ ಕೇಳಿಸಿತು. ಆನೆ ಬಲಕ್ಕೆ ತಿರುಗಿತು.