ಬಳ್ಳಾರಿಯಿಂದ ವಾರಂಟಿ ಕೇಳುವ ಮೂರು ದಾರಿಗಳು: ಅಂಗಡಿ, ಕೊರಿಯರ್, ಬೆಂಗಳೂರು

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಲೆಕ್ಕಪತ್ರಕ್ಕೂ ಲೇಬಲ್ ಮುದ್ರಣಕ್ಕೂ ಬಳಸುವ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಳೆದ ಎರಡು ವರ್ಷಗಳಲ್ಲಿ ವಾರಂಟಿ ಮುಗಿಯುವ ಮೊದಲೇ ಒಂದು ಎಸ್‌ಎಸ್‌ಡಿ (ಚಿಪ್ಪುಗಳಲ್ಲಿ ಮಾಹಿತಿ ಇಡುವ ಡ್ರೈವ್), ಒಂದು ಹಾರ್ಡ್ ಡಿಸ್ಕ್ ಮತ್ತು ಒಂದು ಮದರ್‌ಬೋರ್ಡ್ (ಕಂಪ್ಯೂಟರಿನ ಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಫಲಕ) ಕೆಟ್ಟವು. ಮೂರಕ್ಕೂ ಬದಲಿ ಪಡೆದದ್ದು ಬೇರೆ ಬೇರೆ ದಾರಿಯಲ್ಲಿ.

ಎಸ್‌ಎಸ್‌ಡಿಯನ್ನು ಊರಿನ ಅಂಗಡಿಯಲ್ಲೇ ಕೊಂಡಿದ್ದೆ. ಆನ್‌ಲೈನ್ ಬೆಲೆಗಿಂತ ಸುಮಾರು 350 ರೂಪಾಯಿ ಹೆಚ್ಚು ಕೊಟ್ಟಿದ್ದೆನೆಂಬ ಬೇಸರ ಅದು ಕೆಟ್ಟ ದಿನವೇ ಹೋಯಿತು. ಅಂಗಡಿಯವರು ಸೀರಿಯಲ್ ಸಂಖ್ಯೆಯನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆದು ಮೊಹರು ಹಾಕಿ ಕೊಟ್ಟರು. ಘಟಕದ ಕೆಲಸ ನಿಲ್ಲಬಾರದೆಂದು ತಮ್ಮಲ್ಲಿದ್ದ ಹಳೆಯ ಡ್ರೈವ್ ಒಂದನ್ನು ತಾತ್ಕಾಲಿಕವಾಗಿ ಒದಗಿಸಿದರು. ಬದಲಿ ಬರಲು 19 ದಿನ ಹಿಡಿಯಿತು, ಏಕೆಂದರೆ ಅಂಗಡಿಯವರು ಕೆಟ್ಟ ಸಾಮಾನುಗಳನ್ನು ಒಂದೊಂದಾಗಿ ಕಳಿಸದೆ ನಾಲ್ಕಾರು ಸೇರಿದ ಮೇಲೆ ವಿತರಕರಿಗೆ ರವಾನಿಸುತ್ತಾರೆ. ಬದಲಿಯ ಸೀರಿಯಲ್ ಸಂಖ್ಯೆ ಬೇರೆಯಾಗಿರುತ್ತದೆ, ಆದರೆ ಸಾಮಾನ್ಯವಾಗಿ ವಾರಂಟಿಯ ಅವಧಿ ಮೊದಲ ಬಿಲ್ಲಿನ ದಿನಾಂಕದಿಂದಲೇ ಲೆಕ್ಕವಾಗುತ್ತದೆ. ಆದ್ದರಿಂದ ಹೊಸ ಸಂಖ್ಯೆಯನ್ನು ಹಳೆಯ ಬಿಲ್ಲಿನ ಮೇಲೆಯೇ ಬರೆಸಿ ಅಂಗಡಿಯ ಮೊಹರು ಹಾಕಿಸಿಕೊಂಡೆ.

ಹಾರ್ಡ್ ಡಿಸ್ಕನ್ನು ತರಿಸಿದ್ದು ಆನ್‌ಲೈನಿನಲ್ಲಿ. ಮಾರಾಟಗಾರರು ವಾಪಸು ಪಡೆಯುವ ಅವಧಿ ಮುಗಿದಿದ್ದರಿಂದ ನೇರವಾಗಿ ಕಂಪನಿಯ ಜಾಲತಾಣದಲ್ಲಿ ದೂರು ದಾಖಲಿಸಿ, ಸ್ಥಿರ ವಿದ್ಯುತ್ತಿನಿಂದ ಕಾಪಾಡುವ ಆಂಟಿಸ್ಟ್ಯಾಟಿಕ್ ಕವರಿನಲ್ಲಿಟ್ಟು, ಸುತ್ತಲೂ ಸ್ಪಂಜು ತುಂಬಿ ಕೊರಿಯರ್ ಮಾಡಿದೆ. ಖರ್ಚು 280 ರೂಪಾಯಿ, ಬದಲಿ ಕೈಸೇರಿದ್ದು 11ನೆಯ ದಿನ. ಮೂರು ದಾರಿಗಳಲ್ಲಿ ಇದೇ ಬೇಗ ಮುಗಿದದ್ದು. ಬಂದದ್ದು ಹೊಸ ಡಿಸ್ಕಲ್ಲ, ದುರಸ್ತಿಯಾಗಿ ಮರುಪರೀಕ್ಷೆಗೊಂಡದ್ದು. ವಾರಂಟಿಯ ಷರತ್ತುಗಳಲ್ಲಿ ಅದಕ್ಕೆ ಅವಕಾಶವಿದೆ. ನನ್ನನ್ನು ಹೆಚ್ಚು ಕಾಡಿದ್ದು ಬೇರೆ ವಿಷಯ. ಕಂಪನಿ ಡಿಸ್ಕನ್ನು ಬದಲಿಸುತ್ತದೆ, ಅದರೊಳಗಿನ ಮಾಹಿತಿಯನ್ನು ಹಿಂದಿರುಗಿಸುವುದಿಲ್ಲ. ಘಟಕದ ಮೂರು ವರ್ಷದ ಲೆಕ್ಕವಿದ್ದ ಡಿಸ್ಕು ಪೂರ್ತಿ ಸತ್ತಿದ್ದರಿಂದ ಅದನ್ನು ಅಳಿಸಿ ಕಳಿಸುವ ದಾರಿಯೂ ಇರಲಿಲ್ಲ. ಬ್ಯಾಕಪ್ ಇದ್ದುದರಿಂದ ಲೆಕ್ಕ ಉಳಿಯಿತಾದರೂ, ಆ ಡಿಸ್ಕನ್ನು ಅಪರಿಚಿತರ ಕೈಗೆ ಕೊಡಲು ಮಾಲೀಕರನ್ನು ಒಪ್ಪಿಸುವುದಕ್ಕೇ ಎರಡು ದಿನ ಬೇಕಾಯಿತು. ಆನ್‌ಲೈನಿನಲ್ಲಿ ಡಿಸ್ಕು ಕೊಳ್ಳುವವರು ಅದು ಕೈಗೆ ಬಂದ ದಿನವೇ ಸೀರಿಯಲ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಬೇಕು. ಸಿದ್ಧ ಕಂಪ್ಯೂಟರ್ ತಯಾರಕರಿಗೆಂದು ಪೂರೈಸಿದ ಡಿಸ್ಕುಗಳು ಬಿಡಿಯಾಗಿ ಮಾರಾಟವಾದರೆ ಅವಕ್ಕೆ ಕಂಪನಿಯ ನೇರ ವಾರಂಟಿ ಸಿಗದೆ ಹೋಗಬಹುದು.

ಮದರ್‌ಬೋರ್ಡನ್ನು ನಾನೇ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಪ್ರಯಾಣಿಸಿ ಬೆಂಗಳೂರಿನ ಸೇವಾ ಕೇಂದ್ರಕ್ಕೆ ಒಯ್ದೆ. ಎದುರಿಗೇ ಪರೀಕ್ಷಿಸಿದರೆ ತಕರಾರಿರುವುದಿಲ್ಲವೆಂದು ನಂಬಿದ್ದೆ. ಆದರೆ ಬೋರ್ಡನ್ನು ಒಳಗೆ ಕೊಂಡೊಯ್ದು ಅರ್ಧ ಗಂಟೆಯ ಬಳಿಕ ಹೊರಬಂದ ಸಿಬ್ಬಂದಿ, ಪ್ರೊಸೆಸರ್ ಕೂರುವ ಸಾಕೆಟ್ಟಿನಲ್ಲಿ ಒಂದು ಪಿನ್ ಬಾಗಿದೆ, ಇದಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂದರು. ಹಿಂದಿನ ಸಂಜೆ ಸಾಕೆಟ್ಟಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕುವ ಮುನ್ನ, ಪಿನ್ನುಗಳೂ ಸೀರಿಯಲ್ ಸಂಖ್ಯೆಯೂ ಕಾಣುವಂತೆ ತೆಗೆದಿದ್ದ ಚಿತ್ರ ಮೊಬೈಲಿನಲ್ಲಿತ್ತು. ಅದನ್ನು ತೋರಿಸಿ, ಮೇಲಧಿಕಾರಿಯನ್ನು ಕಾಣಬೇಕೆಂದು ಪಟ್ಟು ಹಿಡಿದ ಮೇಲೆ ಬೋರ್ಡನ್ನು ಸ್ವೀಕರಿಸಿದರು. ಆ ಚಿತ್ರವಿಲ್ಲದಿದ್ದರೆ ಬರಿಗೈಯಲ್ಲಿ ಹಿಂದಿರುಗಬೇಕಿತ್ತು. ಅಂಗಡಿಗೆ ಕೊಡುವುದಿರಲಿ, ಕೊರಿಯರ್ ಮಾಡುವುದಿರಲಿ, ಇಂಥ ಚಿತ್ರ ತೆಗೆಯದೆ ಈಗ ನಾನು ಯಾವ ಬೋರ್ಡನ್ನೂ ಕೈಬಿಡುವುದಿಲ್ಲ. ಪ್ರಯಾಣದ ಖರ್ಚು ಮತ್ತು ಕಳೆದುಹೋದ ಒಂದು ದಿನದ ದುಡಿಮೆಯನ್ನು ಸೇರಿಸಿದರೆ, ಕಡಿಮೆ ಬೆಲೆಯ ಬೋರ್ಡಿಗೆ ಈ ದಾರಿ ಹಿಡಿಯುವುದರಲ್ಲಿ ಅರ್ಥವಿಲ್ಲ.

ಕಂಪನಿ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ವಸ್ತುವನ್ನು ಎಲ್ಲಿಯೇ ಕೊಂಡಿದ್ದರೂ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ 2 ವರ್ಷದೊಳಗೆ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ನಮ್ಮ ಘಟಕಗಳವರು ಒಂದನ್ನು ಗಮನಿಸಬೇಕು: ವಾಣಿಜ್ಯ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಈ ರಕ್ಷಣೆ ಇಲ್ಲ, ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಕೊಂಡದ್ದಕ್ಕೆ ಮಾತ್ರ ವಿನಾಯಿತಿಯಿದೆ. ಹತ್ತಾರು ಕಾರ್ಮಿಕರಿರುವ ಘಟಕದ ಹೆಸರಿನ ಬಿಲ್ಲಿಗೆ ಈ ಬಾಗಿಲು ತೆರೆಯುವುದು ಕಷ್ಟ. ಅಂಥವರಿಗೆ ಊರಿನ ಅಂಗಡಿಯವರ ಮಾತೇ ದೊಡ್ಡ ಆಧಾರ.

ಹಾಗಾಗಿ ಎಸ್‌ಎಸ್‌ಡಿ, ರ‍್ಯಾಮ್, ಮದರ್‌ಬೋರ್ಡುಗಳನ್ನು ನಾನೀಗ ಊರಿನಲ್ಲೇ ಕೊಳ್ಳುತ್ತೇನೆ; ಹಾರ್ಡ್ ಡಿಸ್ಕನ್ನು ಮಾತ್ರ, ಬ್ಯಾಕಪ್ ವ್ಯವಸ್ಥೆ ಇರುವೆಡೆ, ಆನ್‌ಲೈನಿನಲ್ಲಿ ತರಿಸುತ್ತೇನೆ. ಮಾನಿಟರನ್ನು ಈ ಯಾವ ದಾರಿಯಲ್ಲೂ ಸಾಗಿಸುವುದು ಸುಲಭವಲ್ಲದ್ದರಿಂದ, ಕೊಳ್ಳುವ ಮುನ್ನವೇ ಕಂಪನಿಗೆ ಕರೆ ಮಾಡಿ, 583101ರ ಪಿನ್‌ಕೋಡಿಗೆ ಸ್ಥಳಕ್ಕೇ ಬಂದು ದುರಸ್ತಿ ಮಾಡುತ್ತಾರೆಯೇ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳುತ್ತೇನೆ.