ಅಂಪ್ಲಿಫೈಯರ್ ಒಳಗಿರಬೇಕೋ, ಹೊರಗಿರಬೇಕೋ?

ಬದಿಯಡ್ಕದ ನಮ್ಮ ಮನೆಯಲ್ಲಿ ಎಡಿಫೈಯರ್ ಆರ್1280ಡಿಬಿ ಸ್ಪೀಕರ್ ಇದೆ. ಕುಂಬಳೆಯ ಭಾವನ ಮನೆಯಲ್ಲಿ ಎಲಾಕ್ ಡೆಬ್ಯು ಬಿ5.2. ಎರಡೂ ಪುಟ್ಟ ಸ್ಪೀಕರುಗಳೇ, ಆದರೆ ಜಾತಿ ಬೇರೆ.

ನಮ್ಮದರಲ್ಲಿ ಬಲಗಡೆಯ ಡಬ್ಬದೊಳಗೇ ಅಂಪ್ಲಿಫೈಯರ್, ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ಭಾಗ, ಇದೆ, ಒಟ್ಟು 42 ವಾಟ್. ಪ್ಲಗ್ ಹಾಕಿ, ಬ್ಲೂಟೂತ್ ಜೋಡಿಸಿದರೆ ಮುಗಿಯಿತು. ಅಮ್ಮನೂ ಫೋನಿನಿಂದ ಹಾಡು ಹಾಕುತ್ತಾರೆ. ಭಾವನದಕ್ಕೆ ಬೇರೆ ಅಂಪ್ಲಿಫೈಯರ್ ಬೇಕು. ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು ಬರುತ್ತದೆ ಅನ್ನುವ ಸೆನ್ಸಿಟಿವಿಟಿ 86 ಡೆಸಿಬೆಲ್, ತುಸು ಕಡಿಮೆಯೇ; ವಿದ್ಯುತ್ತಿಗೆ ಒಡ್ಡುವ ತಡೆ 6 ಓಮ್. ಹಾಗಾಗಿ ಸುಮ್ನೆ ಮೂಲೆಯಲ್ಲಿ ಬಿದ್ದ ಹಳೇ ಪುಟಾಣಿ ಆಂಪ್ ಸಾಲದು. ಖರ್ಚು ಲೆಕ್ಕ ಹಾಕುವಾಗ ಒಳ್ಳೆ ಆಂಪಿನ ಬೆಲೆಯನ್ನೂ ಸೇರಿಸಿ.

ಇನ್ನು ಶಬ್ದ. ಒಂದೇ ತಾಳಮದ್ದಳೆ ರೆಕಾರ್ಡಿಂಗನ್ನು ಎರಡರಲ್ಲೂ ಕೇಳಿದೆವು. ಚೆಂಡೆಯ ಚುರುಕು, ಅರ್ಥದಾರಿಗಳ ಮಾತು ಎರಡರಲ್ಲೂ ಸ್ಪಷ್ಟ. ವ್ಯತ್ಯಾಸ ಗೊತ್ತಾಗಿದ್ದು ಮದ್ದಳೆಯಲ್ಲಿ. ನಮ್ಮದರದು 4 ಇಂಚಿನ ವೂಫರ್ (ತಗ್ಗು ಸ್ವರ ನುಡಿಸುವ ಭಾಗ), ಅವನದರದು 5.25 ಇಂಚು. ಅವನ ಮನೆಯಲ್ಲಿ ಮದ್ದಳೆಗೆ ಮೈ ಬಂತು, ಭಾಗವತರು ಎದುರು ಕೂತ ಹಾಗಾಯಿತು. ಅಸೂಯೆ ಆಗಲಿಲ್ಲ ಅಂದರೆ ಸುಳ್ಳು!

ಜಡಿಮಳೆಗೆ ಹಂಚಿನ ಮಾಡು ಸದ್ದು ಮಾಡುವಾಗ ಮಾತ್ರ ಎರಡೂ ಒಂದೇ. ಇನ್ನು ಇಡುವ ಜಾಗ. ಎರಡರಲ್ಲೂ ಗಾಳಿಯ ತೂತು ಮುಂದಿದೆ, ಗೋಡೆಯ ಹತ್ತಿರ ಇಡಲು ತೊಂದರೆ ಕಡಿಮೆ. ಏರು ಸ್ವರ ನುಡಿಸುವ ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ, ಅಷ್ಟೆ.

ಟಿವಿ, ಫೋನು ಎಂದು ಎಲ್ಲದಕ್ಕೂ ಒಂದೇ ಸಾಕು ಅನ್ನುವವರು ಎಡಿಫೈಯರ್ ತೆಗೆದುಕೊಳ್ಳಿ. ಕೂತು ಕೇಳುವ ಹುಚ್ಚಿದ್ದರೆ ಎಲಾಕ್. ನಾನಂತೂ ಭಾನುವಾರ ಕುಂಬಳೆ ಬಸ್ಸು ಹತ್ತುವುದು ಜಾಸ್ತಿಯಾಗಿದೆ.